ಹಳೆಯ ಥೀಸಿಸ್ ಹುಡುಕುವಾಗ ‘ಬಾಗಲಕೋಟೆ’ ಅಂತಷ್ಟೇ ಟೈಪ್ ಮಾಡಬೇಡಿ

ಬಾಗಲಕೋಟೆ ಜಿಲ್ಲೆಯ ಮಣ್ಣು, ನೀರಿನ ಮೇಲಿನ ಥೀಸಿಸ್‌ಗಳೆಲ್ಲ ಒಂದೇ ಕಡೆ ಸಿಗುವ ವೆಬ್‌ಸೈಟ್ ಯಾವುದು ಅಂತ ಕೇಳಿದ್ದೀರಿ. ಹುಡುಕಿದರೆ ಏನೂ ಸಿಗುತ್ತಿಲ್ಲ, ಅಂದರೆ ಯಾರೂ ಕೆಲಸ ಮಾಡಿಲ್ಲ ಅಂದುಕೊಳ್ಳಬಹುದಾ ಅಂತಲೂ ಕೇಳಿದ್ದೀರಿ. ಅಂದುಕೊಳ್ಳಬೇಡಿ. ನಾನು ಅಂದುಕೊಂಡಿದ್ದೆ.

ನನ್ನ ಎಂ.ಎಸ್ಸಿ. ವಿಷಯ ಮುಧೋಳ ಕಡೆಯ ಸವಳು-ಜವಳು ಭೂಮಿ. ಘಟಪ್ರಭಾ ಕಾಲುವೆ ನೀರು, ವರ್ಷವಿಡೀ ಕಬ್ಬು, ಕೆಳಗೆ ನೀರು ಬಸಿಯದ ಎರೆ ಮಣ್ಣು. ಬೇಸಿಗೆಯಲ್ಲಿ ಹೊಲದ ಮೇಲೆ ಸುಣ್ಣ ಚೆಲ್ಲಿದ ಹಾಗೆ ಬಿಳಿ ಉಪ್ಪು ಏಳುತ್ತದಲ್ಲ, ಅದೇ. ಸಿನಾಪ್ಸಿಸ್, ಅಂದರೆ ಸಂಶೋಧನೆಯ ಯೋಜನೆ ಬರೆಯಬೇಕಾದಾಗ ಎರಡು ದಿನ ಕಂಪ್ಯೂಟರ್ ಮುಂದೆ ಕೂತೆ. ಇಂಗ್ಲಿಷಿನಲ್ಲಿ ಬಾಗಲಕೋಟೆ, ಮುಧೋಳ, ಸಲೈನಿಟಿ ಅಂತ ಹಾಕಿದೆ. ನಾಲ್ಕೈದು ಬಂದವು, ಒಂದೂ ನನ್ನ ಹಳ್ಳಿಗಳದ್ದಲ್ಲ. ಸುಳ್ಳೇಕೆ ಹೇಳಲಿ, ಖುಷಿಯಾಯಿತು. ‘ಈ ಭಾಗದಲ್ಲಿ ಇಂಥ ಅಧ್ಯಯನ ಈವರೆಗೆ ನಡೆದಿಲ್ಲ’ ಅಂತ ಒಂದು ಸಾಲು ಬರೆದೆ. ಅದು ಹಾಗೇ ಥೀಸಿಸ್ಸಿಗೂ ಹೋಯಿತು.

ವೈವಾಕ್ಕೆ, ಅಂದರೆ ಮೌಖಿಕ ಪರೀಕ್ಷೆಗೆ ಹೊರಗಿನಿಂದ ಬಂದ ಪರೀಕ್ಷಕರು ಆ ಸಾಲಿನ ಕೆಳಗೆ ಪೆನ್ಸಿಲ್ ಗೆರೆ ಎಳೆದುಕೊಂಡೇ ಬಂದಿದ್ದರು. “ಬಿಜಾಪುರ ಅಂತ ಹುಡುಕಿದ್ರಾ?” ಅಂದರು. ಬೇರೇನೂ ಕೇಳಲಿಲ್ಲ.

ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಏಕೆಂದರೆ ನೀವೂ ಇದೇ ಗುಂಡಿಯಲ್ಲಿದ್ದೀರಿ. ಬಾಗಲಕೋಟೆ ಜಿಲ್ಲೆ ಆಗಿದ್ದು 1997ರಲ್ಲಿ. ಅದಕ್ಕೂ ಮುಂಚೆ ಮುಧೋಳ, ಜಮಖಂಡಿ, ಬೀಳಗಿ, ಬಾದಾಮಿ, ಹುನಗುಂದ ಎಲ್ಲ ಬಿಜಾಪುರ ಜಿಲ್ಲೆ. ಹಳೆಯ ಥೀಸಿಸ್ಸಿನ ಹೆಸರಿನಲ್ಲಿ ಜಿಲ್ಲೆ ಇರುತ್ತದೆ, ತಾಲ್ಲೂಕು ಒಳಗೆಲ್ಲೋ ಒಂದು ಕೋಷ್ಟಕದಲ್ಲಿರುತ್ತದೆ. ಇನ್ನು ಬಿಜಾಪುರ ವಿಜಯಪುರ ಆಗಿದ್ದು, ಬೆಳಗಾಂ ಬೆಳಗಾವಿ ಆಗಿದ್ದು 2014ರ ನವೆಂಬರಿನಲ್ಲಿ. ಹಳೆಯ ಹೆಸರು, ಹೊಸ ಹೆಸರು ಎರಡೂ ಒಂದೇ ಊರಿನದು ಅಂತ ಕಂಪ್ಯೂಟರಿಗೆ ಗೊತ್ತಿಲ್ಲ.

ನನ್ನ ತಪ್ಪು ಅಲ್ಲಿಗೇ ಮುಗಿಯಲಿಲ್ಲ. ನಾನು ಧಾರವಾಡ ಕೃಷಿ ವಿಶ್ವವಿದ್ಯಾಲಯದ ಹೆಸರನ್ನೂ ಸೇರಿಸಿ ಹುಡುಕಿದ್ದೆ. ಧಾರವಾಡದಲ್ಲಿ ಕೃಷಿ ಕಾಲೇಜು 1947ರಿಂದ ಇದೆ, ಸರಿ. ಆದರೆ ವಿಶ್ವವಿದ್ಯಾಲಯ ಆಗಿದ್ದು 1986ರಲ್ಲಿ. ಅದಕ್ಕೆ ಮುಂಚೆ ಅದು ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಕೈಕೆಳಗಿತ್ತು. ಹಾಗಾಗಿ ಧಾರವಾಡದಲ್ಲಿ ಕೂತು, ಮುಧೋಳದ ಮಣ್ಣು ತಂದು ಮಾಡಿದ ಕೆಲಸದ ಮುಖಪುಟದಲ್ಲಿ ಬೆಂಗಳೂರು ಅಂತಲೇ ಇತ್ತು. ಮೇಲಾಗಿ ನಾನು ಸೋಡಿಯಂ ಹೆಚ್ಚಿದ ಮಣ್ಣಿಗೆ ‘ಸೋಡಿಕ್’, ಎರೆ ಮಣ್ಣಿಗೆ ‘ವರ್ಟಿಸಾಲ್’ ಅಂತ ಹುಡುಕುತ್ತಿದ್ದೆ. ಅವಕ್ಕೇ ಹಳಬರು ಬರೆಯುತ್ತಿದ್ದುದು ‘ಆಲ್ಕಲಿ’, ‘ಬ್ಲ್ಯಾಕ್ ಕಾಟನ್ ಸಾಯಿಲ್’ ಅಂತ. ಊರು, ವಿಶ್ವವಿದ್ಯಾಲಯ, ಮಣ್ಣು: ಮೂರಕ್ಕೂ ನಾನು ಹೊಸ ಹೆಸರು ಹಿಡಿದುಕೊಂಡು ಕೂತಿದ್ದೆ.

ಕೊನೆಗೆ ನನ್ನ ಭಾಗದ ಮೇಲೆಯೇ ಯಾರೋ ಹಿಂದೆ ಮಾಡಿದ್ದ ಥೀಸಿಸ್ ಸಿಕ್ಕಿತು. ಕಪ್ಪು ರೆಕ್ಸಿನ್ ರಟ್ಟು, ಬೆನ್ನಿನ ಮೇಲೆ ಅರ್ಧ ಅಳಿಸಿದ ಬಂಗಾರದ ಅಕ್ಷರ, ಒಳಗೆ ಟೈಪ್‌ರೈಟರ್ ಹೊಡೆತಕ್ಕೆ ತೂತಾದ ಸೊನ್ನೆಗಳು. ನನ್ನ ಆರು ಹಳ್ಳಿಗಳಲ್ಲಿ ನಾಲ್ಕು ಅದರಲ್ಲಿದ್ದವು, ಸರ್ವೆ ನಂಬರ್ ಸಮೇತ. ಹಿಂದಿನ ರಟ್ಟಿನ ಜೇಬಿನಲ್ಲಿ ಮಡಚಿಟ್ಟ ನಕ್ಷೆ. ಮೊದಲೇ ನೋಡಿದ್ದರೆ ಅದೇ ಹೊಲಗಳಿಂದ ಮಣ್ಣು ತೆಗೆದು, ಇಷ್ಟು ವರ್ಷಗಳಲ್ಲಿ ಉಪ್ಪು ಎಷ್ಟು ಏರಿದೆ ಅಂತ ತೋರಿಸಬಹುದಿತ್ತು. ನಾನು ಬೇರೆ ಹೊಲಗಳಿಂದ ತೆಗೆದಿದ್ದೆ. ಆರು ತಿಂಗಳು ಕೂತು ತಿದ್ದಿ ಬರೆದೆ, ಡಿಗ್ರಿ ಸಿಕ್ಕಿತು. ಆದರೆ ಆ ಹೋಲಿಕೆ ಮಾತ್ರ ಆಗಲೇ ಇಲ್ಲ.

ಈಗ ನಿಮ್ಮ ವೆಬ್‌ಸೈಟ್ ವಿಚಾರ. ಒಂದೇ ಕಡೆ ಎಲ್ಲ ಸಿಗುವಂಥದ್ದು ಇಲ್ಲ, ಅದನ್ನು ಹುಡುಕುವುದನ್ನೇ ಬಿಡಿ. ವಿಶ್ವವಿದ್ಯಾಲಯಗಳ ಗ್ರಂಥಾಲಯ ಜಾಲವಾದ ಇನ್‌ಫ್ಲಿಬ್‌ನೆಟ್ ನಡೆಸುವ ಶೋಧಗಂಗಾ ಅನ್ನೋ ವೆಬ್‌ಸೈಟ್ ಇದೆ, ಆದರೆ ಅದು ಪಿಎಚ್‌.ಡಿ.ಗಳ ಜಾಗ. ಎಂ.ಎಸ್ಸಿ. ಕೆಲಸ ಅಲ್ಲಿ ಹುಡುಕಿ ‘ಇಲ್ಲ’ ಅಂದರೆ ಅದಕ್ಕೆ ಅರ್ಥವಿಲ್ಲ. ಕೃಷಿ ವಿಶ್ವವಿದ್ಯಾಲಯಗಳ ಎಂ.ಎಸ್ಸಿ. ಥೀಸಿಸ್‌ಗಳಿಗೆ ಕೃಷಿಕೋಶ ಅನ್ನೋ ವೆಬ್‌ಸೈಟ್ ನೋಡಿ. ಬಾಗಲಕೋಟೆಯ ತೋಟಗಾರಿಕೆ ವಿಶ್ವವಿದ್ಯಾಲಯ ಶುರುವಾಗಿದ್ದೇ 2008ರಲ್ಲಿ, ಬೆಳಗಾವಿಯ ರಾಣಿ ಚನ್ನಮ್ಮ ವಿಶ್ವವಿದ್ಯಾಲಯ 2010ರಲ್ಲಿ. ಅದಕ್ಕಿಂತ ಹಳೆಯ ಕೆಲಸ ಅವುಗಳ ಹೆಸರಿನಲ್ಲಿ ಸಿಗುವುದಿಲ್ಲ. ಅಂತರ್ಜಲ, ಭೂಗರ್ಭದ ಹಳೆಯ ಕೆಲಸ ಬೇಕಿದ್ದರೆ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯಕ್ಕೇ ಹೋಗಬೇಕು.

ಶೋಧಗಂಗಾದಲ್ಲಿ ಥೀಸಿಸ್ ಸಾಮಾನ್ಯವಾಗಿ ಅಧ್ಯಾಯಕ್ಕೊಂದು ಪಿಡಿಎಫ್ ಆಗಿರುತ್ತದೆ. ಎಲ್ಲರೂ ಮೊದಲ ಅಧ್ಯಾಯ ತೆಗೆಯುತ್ತಾರೆ. ನೀವು ಕೊನೆಯ ಉಲ್ಲೇಖಗಳ ಪಟ್ಟಿ ತೆಗೆಯಿರಿ. ಅದರಲ್ಲಿ ‘ಥೀಸಿಸ್’ ಅನ್ನೋ ಪದ ಎಲ್ಲೆಲ್ಲಿ ಬರುತ್ತದೋ ಗುರುತು ಹಾಕಿ. ಒಂದು ಹೊಸ ಥೀಸಿಸ್ ಹಿಡಿದರೆ ಅದು ಹತ್ತು ಹಳೆಯವನ್ನು ತೋರಿಸುತ್ತದೆ. ಹುಡುಕು ಪೆಟ್ಟಿಗೆಗಿಂತ ಇದನ್ನೇ ನಾನು ಜಾಸ್ತಿ ನಂಬುತ್ತೇನೆ. ಆಮೇಲೆ ಬಸ್ ಹತ್ತಿ, ಗ್ರಂಥಾಲಯಕ್ಕೆ ಹೋಗಿ, ಮೂಲ ಪ್ರತಿ ಕೈಯಲ್ಲಿ ಹಿಡಿದು ನೋಡಿ. ನಾನು ನೋಡಿದ ಆ ಥೀಸಿಸ್ ಈಗ ಸ್ಕ್ಯಾನ್ ಆಗಿದೆ, ಜೇಬಿನ ನಕ್ಷೆ ಮಾತ್ರ ಪಿಡಿಎಫ್‌ನಲ್ಲಿಲ್ಲ. ಅಲ್ಲಿನ ಅಟೆಂಡರ್ ಜೊತೆ ಒಂದು ಚಹಾ ಕುಡಿಯಿರಿ. ಯಾವ ಬೀರುವಿನಲ್ಲಿ ಏನಿದೆ ಅಂತ ಗೊತ್ತಿರುವುದು ಅವರಿಗೇ.

ನಿಮ್ಮ ತಾಲ್ಲೂಕು ಯಾವುದು ಅಂತ ಪ್ರಶ್ನೆಯಲ್ಲಿ ಬರೆದಿಲ್ಲ. ಹೊಸ ತಾಲ್ಲೂಕಾದರೆ ಅದು ಮೊದಲು ಸೇರಿದ್ದ ತಾಲ್ಲೂಕಿನ ಹೆಸರು ಬೇಕು: ಇಳಕಲ್ ಆಗಿದ್ದರೆ ಹುನಗುಂದ ಅಂತ, ಗುಳೇದಗುಡ್ಡ ಆಗಿದ್ದರೆ ಬಾದಾಮಿ ಅಂತ, ರಬಕವಿ-ಬನಹಟ್ಟಿ ಆಗಿದ್ದರೆ ಜಮಖಂಡಿ ಅಂತ ಹಾಕಿ ನೋಡಿ. ಜಿಲ್ಲೆ ಬಿಜಾಪುರ.