ಕದ್ದ ಕಾದಂಬರಿಯ ಕಳ್ಳ ಎಲ್ಲಿ ಸಿಕ್ಕಿಬೀಳುತ್ತಾನೆ?

ನಿಮ್ಮ ಪ್ರಶ್ನೆಯನ್ನು ನಾನು ಅರ್ಥ ಮಾಡಿಕೊಂಡದ್ದು ಹೀಗೆ. ನೀವು ಬರೆಯುತ್ತಿರುವ ಕಾದಂಬರಿಯಲ್ಲಿ ಸೋತು ಸುಣ್ಣವಾದ ಲೇಖಕನೊಬ್ಬ ಸತ್ತ ಗೆಳೆಯನ ಹಸ್ತಪ್ರತಿಯನ್ನು ತನ್ನ ಹೆಸರಲ್ಲಿ ಅಚ್ಚು ಹಾಕಿಸುತ್ತಾನೆ, ಪುಸ್ತಕ ಗೆಲ್ಲುತ್ತದೆ. ಕಳ್ಳ ಯಾರು ಅಂತ ಓದುಗರಿಗೆ ಮೊದಲ ಪುಟದಲ್ಲೇ ಗೊತ್ತು. ಹಾಗಿದ್ದ ಮೇಲೆ ಸಸ್ಪೆನ್ಸ್ ಎಲ್ಲಿಂದ ತರೋದು, ಅವನನ್ನು ಹೇಗೆ ಹಿಡಿಸೋದು, ಕೊನೆಯಲ್ಲಿ ಸಾಯಿಸಲೇಬೇಕಾ?

ನಾನು ಕಾದಂಬರಿಕಾರನಲ್ಲ. ಹದಿನಾಲ್ಕು ವರ್ಷದಿಂದ ಬೇರೆಯವರ ಪುಸ್ತಕಗಳ ಕರಡು ತಿದ್ದುತ್ತಿದ್ದೇನೆ. ಥ್ರಿಲ್ಲರ್ ಓದುವ ಚಟ ಬೇರೆ ಇದೆ. ನನ್ನ ಪ್ರಕಾರ ನಿಮ್ಮ ಕಥೆಯಲ್ಲಿ ಕಳ್ಳತನ ಅಷ್ಟು ದೊಡ್ಡ ವಿಷಯವೇ ಅಲ್ಲ. ಪುಸ್ತಕ ಗೆದ್ದದ್ದು ದೊಡ್ಡ ವಿಷಯ. ಸೋತ ಪುಸ್ತಕ ಯಾರದು ಅಂತ ಯಾರೂ ಕೇಳುವುದಿಲ್ಲ. ಪ್ರತಿಗಳೆಲ್ಲ ಗೋದಾಮಿನಲ್ಲಿ ದೂಳು ಹಿಡಿದು ಕೂತಿದ್ದರೆ ನಿಮ್ಮ ನಾಯಕ ಸಾಯುವವರೆಗೂ ಕ್ಷೇಮ. ಗೆದ್ದ ದಿನದಿಂದ ಅವನು ಅದನ್ನು ಬರೆದವನಾಗಿ ಬದುಕಬೇಕು, ಅದೂ ದಿನಾ. ಆ ಸಾಲು ಹೇಗೆ ಹೊಳೆಯಿತು ಅಂತ ಕೇಳುತ್ತಾರೆ. ಮುಂದಿನದು ಯಾವಾಗ ಅಂತ ಕೇಳುತ್ತಾರೆ. ಅವನಿಗೆ ಪೊಲೀಸರಿಗಿಂತ ಅಭಿಮಾನಿಗಳ ಭಯವೇ ಜಾಸ್ತಿ ಇರಬೇಕು.

ನನ್ನದೇ ಒಂದು ಅನುಭವ ಹೇಳುತ್ತೇನೆ. ಕೆಲವು ವರ್ಷದ ಹಿಂದೆ ಒಂದು ಕಾದಂಬರಿಯ ಕರಡು ಕೈಗೆ ಬಂತು. ಚೆನ್ನಾಗಿತ್ತು. ಮೊದಲ ಹತ್ತು ಅಧ್ಯಾಯಗಳಲ್ಲಿ ‘ಕಡೆಗೆ ಅವಳು ಎದ್ದಳು’, ‘ಕಡೆಗೆ ಮಳೆ ನಿಂತಿತು’ ಅಂತಿತ್ತು. ಹನ್ನೊಂದರಿಂದ ಎಲ್ಲ ‘ಕೊನೆಗೆ’. ಹುಡುಕಿದರೂ ಒಂದು ‘ಕಡೆಗೆ’ ಇಲ್ಲ. ಮೊದಲರ್ಧದಲ್ಲಿ ಯಾರು ಮಾತಾಡಿದರೂ ‘ಎಂದ’, ‘ಎಂದಳು’. ಆಮೇಲೆ ‘ಅಂದ’, ‘ಅಂದಳು’. ಇಂಥದ್ದೆಲ್ಲ ಬರೆಯುವವರ ಗಮನಕ್ಕೇ ಬರುವುದಿಲ್ಲ, ಉಸಿರಾಡಿದ ಹಾಗೆ. ಕರಡು ತಿದ್ದುವವರ ಕಣ್ಣಿಗೆ ಮಾತ್ರ ಅನ್ನದಲ್ಲಿನ ಕಲ್ಲಿನ ಹಾಗೆ ಸಿಗುತ್ತದೆ.

ಆ ಲೇಖಕರಿಗೆ ಫೋನ್ ಮಾಡಿದೆ. “ಸರ್, ‘ಎಂದ’ ಇಟ್ಟುಕೊಳ್ಳಲಾ, ‘ಅಂದ’ ಇಟ್ಟುಕೊಳ್ಳಲಾ?”

ಆ ಕಡೆಯಿಂದ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, “ಯಾವುದು ಜಾಸ್ತಿ ಇದೆ?”

ಬರೆದವರು ಕೇಳುವ ಪ್ರಶ್ನೆ ಇದಲ್ಲ. ಒಂದು ಅಲ್ಪವಿರಾಮ ತೆಗೆದದ್ದಕ್ಕೆ ಅರ್ಧ ಗಂಟೆ ಜಗಳ ಆಡಿದವರನ್ನು ನೋಡಿದ್ದೇನೆ. “ಎಂದ ಜಾಸ್ತಿ ಇದೆ” ಅಂದೆ. “ಹಾಗಾದರೆ ಅದೇ ಇರಲಿ” ಅಂದರು. ಒಂದು ವಾರದೊಳಗೆ ಕರಡನ್ನು ವಾಪಸ್ ತರಿಸಿಕೊಂಡರು. ಆ ಪುಸ್ತಕ ಬರಲೇ ಇಲ್ಲ. ನಾನೇ ಸುಮ್ನೆ ಅನುಮಾನಪಟ್ಟಿರಬಹುದು, ಇಲ್ಲ ಅನ್ನಲ್ಲ. ಅರ್ಧ ಬರೆದು ಐದಾರು ವರ್ಷ ಬಿಟ್ಟು ಮುಂದುವರಿಸಿದರೂ ಭಾಷೆ ಹೀಗೆ ಬದಲಾಗುತ್ತದೆ. ಆದರೆ ಆ ಮೌನ ಮರೆತಿಲ್ಲ. ನಿಮ್ಮ ಕಾದಂಬರಿಗೆ ಬೇಕಾದದ್ದು ಅಂಥ ಮೌನ, ಅಲ್ವಾ? ಕತ್ತಲೆ, ಚಾಕು, ಬೆನ್ನಟ್ಟುವ ಕಾರು ಯಾವುದೂ ಬೇಡ.

ಸಣ್ಣ ಪದಗಳ ಈ ವಿಷಯ ನನ್ನ ಕಲ್ಪನೆಯಲ್ಲ. ಅಮೆರಿಕದ ಸಂವಿಧಾನದ ಪರವಾಗಿ ನಿಜ ಹೆಸರು ಹಾಕದೆ ಬರೆದ ‘ಫೆಡರಲಿಸ್ಟ್’ ಲೇಖನಗಳಲ್ಲಿ 12ನ್ನು ಅಲ್ಲಿನ ರಾಜಕಾರಣಿಗಳಾದ ಹ್ಯಾಮಿಲ್ಟನ್ ಬರೆದದ್ದೋ ಮ್ಯಾಡಿಸನ್ ಬರೆದದ್ದೋ ಅಂತ ಬಹಳ ಕಾಲದಿಂದ ವಾದ ಇತ್ತು. ಮೋಸ್ಟೆಲರ್ ಮತ್ತು ವ್ಯಾಲೇಸ್ ಎಂಬ ಇಬ್ಬರು ಸಂಖ್ಯಾಶಾಸ್ತ್ರಜ್ಞರು 1964ರಲ್ಲಿ ತಮ್ಮ ಪುಸ್ತಕ ತಂದರು. ವಿಚಾರಗಳನ್ನು ಬದಿಗಿಟ್ಟು ಸಣ್ಣಪುಟ್ಟ ಪದಗಳನ್ನು ಎಣಿಸಿದ್ದರು. ಹ್ಯಾಮಿಲ್ಟನ್ ‘ವೈಲ್’ (while) ಅನ್ನುವ ಕಡೆ ಮ್ಯಾಡಿಸನ್ ಅದೇ ಅರ್ಥದ ‘ವೈಲ್ಸ್ಟ್’ (whilst) ಅನ್ನುತ್ತಿದ್ದ. ‘ಅಪಾನ್’ (upon) ಹ್ಯಾಮಿಲ್ಟನ್ನನಿಗೆ ನಾಲಿಗೆಯ ತುದಿಯಲ್ಲೇ ಇತ್ತು, ಮ್ಯಾಡಿಸನ್ ಅದನ್ನು ಮುಟ್ಟಿದ್ದೇ ಅಪರೂಪ. ಲೆಕ್ಕ ಮ್ಯಾಡಿಸನ್ ಕಡೆಗೆ ವಾಲಿತು. ಕಥೆ, ಹೆಸರು, ಊರು ಎಲ್ಲ ಬದಲಿಸಬಹುದು. ‘ಕಡೆಗೆ’ಯನ್ನು ಬದಲಿಸಬೇಕು ಅಂತ ಕಳ್ಳನಿಗೆ ಹೊಳೆಯುವುದೇ ಇಲ್ಲ.

ಈಗ ನಿಮ್ಮ ನಾಯಕನ ಮೊದಲ ರಾತ್ರಿಗೆ ಬನ್ನಿ. ಗೆಳೆಯನ ಫೈಲನ್ನು ಅವನು ಹಾಗೇ ಕಳಿಸುವಂತಿಲ್ಲ, ಫೈಲಿನ ಪ್ರಾಪರ್ಟೀಸ್ ತೆರೆದರೆ ಸತ್ತವನ ಹೆಸರೇ ಇರುತ್ತದೆ. ಪೂರ್ತಿ ಮತ್ತೆ ಟೈಪ್ ಮಾಡಲಿ, ಮುನ್ನೂರು ಪುಟ. ಈ ಭಾಗವನ್ನು ಅವಸರ ಮಾಡದೆ ಬರೆಯಿರಿ. ಮೂರನೇ ಅಧ್ಯಾಯದ ಹೊತ್ತಿಗೆ ಒಂದು ಪದ ಬದಲಿಸುತ್ತಾನೆ. ಏಳನೆಯದರಲ್ಲಿ ಒಂದು ಪ್ಯಾರಾ ಹೊಡೆದುಹಾಕುತ್ತಾನೆ. ‘ಇದು ನಾನಿಲ್ಲದೆ ಆಗುತ್ತಿರಲಿಲ್ಲ’ ಅಂತ ನಿಜವಾಗಿಯೂ ಅನ್ನಿಸತೊಡಗುತ್ತದೆ. ಬೆರಳು ನೋಯುತ್ತಿದೆ, ಕಷ್ಟಪಟ್ಟಿದ್ದಾನೆ, ಹಾಗಾಗಿ ತನ್ನದು. ಮನುಷ್ಯ ತನಗೆ ತಾನೇ ಮೋಸ ಮಾಡಿಕೊಳ್ಳುವುದು ಹೀಗೇ, ಒಂದೊಂದೇ ಪದವಾಗಿ.

ಅಲ್ಲೇ ಅವನು ಸಿಕ್ಕಿಬೀಳುವ ಬೀಜವನ್ನೂ ಹಾಕಿ. ಮೂಲದಲ್ಲಿ ಒಂದು ತಪ್ಪಿರಲಿ. ಉದಾಹರಣೆಗೆ, ಕಥೆಯಲ್ಲಿ ಮನೆಯ ಗಡಿಯಾರ ಯಾವಾಗ ನೋಡಿದರೂ ನಾಲ್ಕೂ ಹತ್ತು ತೋರಿಸುತ್ತದೆ. ಗೆಳೆಯ ಅವಸರದಲ್ಲಿ ಮಾಡಿದ ತಪ್ಪು ಅಂದುಕೊಂಡು ನಾಯಕ ಒಂದೊಂದು ಕಡೆ ಒಂದೊಂದು ಸಮಯ ಹಾಕಿ ‘ಸರಿ’ ಮಾಡುತ್ತಾನೆ. ಅದು ತಪ್ಪಾಗಿರಲೇ ಇಲ್ಲ. ಅದು ಯಾರೋ ಒಬ್ಬರು ಸತ್ತ ಹೊತ್ತು. ಮೊದಲ ಕರಡು ಓದಿದ್ದ ಗೆಳೆಯನ ತಂಗಿಗೆ ಮಾತ್ರ ಗೊತ್ತು. ಕದ್ದದ್ದರಿಂದ ಬಚಾವಾದವನು ತಿದ್ದಿದ್ದರಿಂದ ಸಿಕ್ಕಿಬೀಳಲಿ.

ನಿಜ ಜೀವನದ ವಂಚಕರೂ ಹೆಚ್ಚಾಗಿ ಇಂಥ ಸಣ್ಣದರಲ್ಲೇ ಎಡವಿದ್ದಾರೆ. 1983ರಲ್ಲಿ ಜರ್ಮನಿಯ ‘ಸ್ಟರ್ನ್’ ಪತ್ರಿಕೆ ಹಿಟ್ಲರನ ದಿನಚರಿ ಸಿಕ್ಕಿತು ಅಂತ ಸಾರಿತು. ಕೊನ್ರಾಡ್ ಕುಯಾವ್ ಎಂಬವನು ಅವನ್ನು ತಾನೇ ಬರೆದು, ಹಳೆಯದಾಗಿ ಕಾಣಲಿ ಅಂತ ಚಹಾ ಸುರಿದಿದ್ದ. ಹೊದಿಕೆಯ ಮೇಲೆ ಅಂಟಿಸಿದ ಹಳೇ ಶೈಲಿಯ ಗೋಥಿಕ್ ಅಕ್ಷರಗಳಲ್ಲಿ ಅಡಾಲ್ಫ್‌ನ ‘ಎ’ ಬದಲು ‘ಎಫ್’ ಬಿದ್ದಿತ್ತು. ಕಾಗದದಲ್ಲಿ ಯುದ್ಧ ಮುಗಿದ ಮೇಲೆ ಬಳಕೆಗೆ ಬಂದ ಬಿಳುಪುಕಾರಕ ಇತ್ತು. ಅದಕ್ಕಿಂತ ಮಜಾ ಇನ್ನೊಂದಿದೆ. ಕೈಬರಹದ ತಜ್ಞರು ದಿನಚರಿಯನ್ನು ಹಿಟ್ಲರನ ‘ಅಸಲಿ’ ಬರಹದ ಜೊತೆ ಹೋಲಿಸಿ ಸರಿಯಾಗಿದೆ ಅಂದಿದ್ದರು. ಆ ಅಸಲಿಗಳಲ್ಲೂ ಕೆಲವು ಕುಯಾವ್ ಬರೆದವೇ! ಈ ತಿರುವನ್ನು ಕಥೆಗಾರ ಕಟ್ಟಿದ್ದರೆ ಅತಿಯಾಯಿತು ಅನ್ನುತ್ತಿದ್ದೆವು.

ಇನ್ನೊಬ್ಬ ಕ್ಲಿಫರ್ಡ್ ಇರ್ವಿಂಗ್. ಕೋಟ್ಯಧಿಪತಿ ಹೋವರ್ಡ್ ಹ್ಯೂಸ್‌ನ ಆತ್ಮಕಥೆ ಅಂತ ಸುಳ್ಳು ಪುಸ್ತಕ ಸಿದ್ಧಮಾಡಿದ. ಹ್ಯೂಸ್ ಯಾರಿಗೂ ಮುಖ ತೋರಿಸದವನು, ಹೊರಗೆ ಬರಲಾರ ಅನ್ನೋದೇ ಇರ್ವಿಂಗ್‌ನ ಧೈರ್ಯ. ‘ಎಚ್. ಆರ್. ಹ್ಯೂಸ್’ ಹೆಸರಿಗೆ ಬಂದ ಚೆಕ್ಕುಗಳನ್ನು ಇರ್ವಿಂಗ್‌ನ ಹೆಂಡತಿ ಸ್ವಿಸ್ ಬ್ಯಾಂಕಿನಲ್ಲಿ ‘ಹೆಲ್ಗಾ ಆರ್. ಹ್ಯೂಸ್’ ಆಗಿ ಜಮಾ ಮಾಡುತ್ತಿದ್ದಳು. 1972ರ ಜನವರಿಯಲ್ಲಿ ಹ್ಯೂಸ್ ಏಳು ಜನ ಪತ್ರಕರ್ತರ ಜೊತೆ ಫೋನಿನಲ್ಲಿ ಮಾತಾಡಿ ಈ ಮನುಷ್ಯ ನನಗೆ ಗೊತ್ತೇ ಇಲ್ಲ ಅಂದುಬಿಟ್ಟ. ಇರ್ವಿಂಗ್ 17 ತಿಂಗಳು ಜೈಲಿನಲ್ಲಿದ್ದ. ನಿಮ್ಮ ನಾಯಕ ನೆಚ್ಚಿಕೊಂಡಿರುವುದೂ ಒಬ್ಬರ ಮೌನವನ್ನೇ. ಸತ್ತವನು ಮಾತಾಡಲ್ಲ ನಿಜ. ಸತ್ತವನ ಇನ್‌ಬಾಕ್ಸ್?

ಪಾಸ್‌ವರ್ಡ್ ತಂಗಿಯ ಹತ್ತಿರ ಇರಲಿ. ಇಷ್ಟು ಸಾಕು, ಅದನ್ನು ಎಳೆಯಬೇಡಿ.

ಎರಡನೇ ಪುಸ್ತಕದ ಬಗ್ಗೆ ನೀವು ಕೇಳಿಲ್ಲ. ನನಗೆ ಕಥೆಯ ನಡುಭಾಗ ಅಂದರೆ ಅದೇ. ಅವನಿಗೂ ಬರೆಯಲು ಬರುತ್ತದೆ, ಆದರೆ ಸಾಧಾರಣವಾಗಿ. ಮೊದಲು ಆ ಸಾಧಾರಣದಲ್ಲೇ ಒಂದು ಸುಖ ಇತ್ತು. ಈಗ ಏನು ಬರೆದರೂ ಗೆಳೆಯನ ಪಕ್ಕದಲ್ಲಿಟ್ಟು ನೋಡುತ್ತಾನೆ. ತನ್ನ ಹೆಸರಿನ ಮಟ್ಟ ಮುಟ್ಟಲು ತನಗೇ ಆಗುತ್ತಿಲ್ಲ. ಮುಂಗಡ ಖರ್ಚಾಗಿದೆ, ಪ್ರಕಾಶಕರು ವಾರಕ್ಕೆರಡು ಸಲ ಫೋನ್ ಮಾಡುತ್ತಾರೆ. ಆಗ ಎರಡನೇ ಕಳ್ಳತನ. ಮೊದಲನೆಯದು ಆಸೆಯಿಂದ ಆದದ್ದು, ಇದು ಭಯದಿಂದ. ಇಲ್ಲಿ ಒಂದು ಎಚ್ಚರಿಕೆ. ಹತ್ತಾರು ಪುಸ್ತಕಗಳಿಂದ ಪ್ಯಾರಾ ಕದಿಯುವ ದಾರಿ ಅವನಿಗೆ ಕೊಡಬೇಡಿ, ಆ ಕಾಲ ಹೋಯಿತು. 2011ರಲ್ಲಿ ‘ಅಸಾಸಿನ್ ಆಫ್ ಸೀಕ್ರೆಟ್ಸ್’ ಎಂಬ ಗೂಢಚಾರ ಥ್ರಿಲ್ಲರ್ ಬಂತು. ಬೇರೆ ಬೇರೆ ಗೂಢಚಾರ ಕಾದಂಬರಿಗಳ ತುಂಡುಗಳನ್ನು ಜೋಡಿಸಿ ಹೊಲಿದದ್ದು. ಬಂದ ಕೆಲವೇ ದಿನಗಳಲ್ಲಿ ಓದುಗರು ಗುರುತು ಹಿಡಿದರು, ಪ್ರಕಾಶಕರು ವಾಪಸ್ ತೆಗೆದುಕೊಂಡರು.

ಇನ್ನು ಸಾಯಿಸಬೇಕಾ ಅಂತ ಕೇಳಿದಿರಿ. ಬೇಡ. ಸಾವು ಅವನಿಗೆ ಬಿಡುಗಡೆ. ಅದರ ಬದಲು ವಿಲಿಯಂ ಹೆನ್ರಿ ಐರ್ಲೆಂಡ್‌ನ ಕಥೆ ನೋಡಿ. ಲಂಡನ್‌ನ ಹುಡುಗ, ವಕೀಲರ ಕಚೇರಿಯಲ್ಲಿ ಕೆಲಸ. ಅಪ್ಪನಿಗೆ ಶೇಕ್ಸ್‌ಪಿಯರ್ ಅಂದರೆ ಹುಚ್ಚು. ಮಗ ದಡ್ಡ ಅನ್ನೋದೂ ಅಪ್ಪನಿಗೆ ಖಾತ್ರಿ. ಅಪ್ಪನನ್ನು ಮೆಚ್ಚಿಸಲು ಹುಡುಗ, 19ರ ಆಸುಪಾಸಿನಲ್ಲಿ, ಶೇಕ್ಸ್‌ಪಿಯರನ ಸಹಿ ಇರುವ ಹಳೇ ಕರಾರುಪತ್ರವೊಂದನ್ನು ತಾನೇ ಬರೆದು ತಂದುಕೊಟ್ಟ. ಅಕ್ಷರ ಹಳೆಯದಾಗಿ ಕಾಣಲು ಬೆಂಕಿಯ ಹತ್ತಿರ ಹಿಡಿದರೆ ಕಂದಾಗುವ ಶಾಯಿ. ಅಪ್ಪ ಕುಣಿದಾಡಿದ. ಇನ್ನೂ ಬೇಕು ಅಂದ. ಪತ್ರಗಳು ಬಂದವು. ಈ ಕಾಗದಗಳೆಲ್ಲ ನಮಗೇ ಹೇಗೆ ಸೇರಬೇಕು ಅನ್ನುವ ಪ್ರಶ್ನೆ ಬಂದಾಗ, ಶೇಕ್ಸ್‌ಪಿಯರನನ್ನು ನೀರಿನಿಂದ ಎತ್ತಿ ಬದುಕಿಸಿದ ತನ್ನದೇ ಹೆಸರಿನ ಪೂರ್ವಜನನ್ನೂ ದಾಖಲೆಯಲ್ಲಿ ಹುಟ್ಟಿಸಿದ! ಕಡೆಗೆ ಒಂದು ಇಡೀ ನಾಟಕ. 1796ರ ಏಪ್ರಿಲ್ 2ರಂದು ಡ್ರೂರಿ ಲೇನ್ ರಂಗಮಂದಿರದಲ್ಲಿ ಅದರ ಪ್ರದರ್ಶನ ನಡೆಯಿತು. ವಿದ್ವಾಂಸ ಎಡ್ಮಂಡ್ ಮ್ಯಾಲೋನ್ ಇದೆಲ್ಲ ನಕಲಿ ಅಂತ ದಪ್ಪ ಪುಸ್ತಕ ತಂದು ಎರಡು ದಿನ ಆಗಿತ್ತಷ್ಟೆ. ಜನ ನಕ್ಕರು. ಅದೊಂದೇ ಪ್ರದರ್ಶನಕ್ಕೆ ನಾಟಕ ನಿಂತಿತು.

ಹುಡುಗ ತಪ್ಪೊಪ್ಪಿಕೊಂಡ. ಅಪ್ಪ ಮಾತ್ರ ನಂಬಲಿಲ್ಲ. ಇಷ್ಟು ಬರೆಯುವ ತಾಕತ್ತು ಇವನಿಗೆಲ್ಲಿಂದ ಬರಬೇಕು ಅಂತ. ಕಾಗದಗಳು ಅಸಲಿ ಅಂತಲೇ ಅಪ್ಪ 1800ರಲ್ಲಿ ತೀರಿಕೊಂಡ.

ನಿಮ್ಮ ನಾಯಕನಿಗೆ ಇದನ್ನು ತಿರುಗಿಸಿ ಕೊಡಿ. ತಂಗಿ ಎಲ್ಲ ತಿಳಿದೂ ಬಾಯಿ ಬಿಡುವುದಿಲ್ಲ, ಹಸ್ತಪ್ರತಿಯ ಮೂಲ ಪ್ರತಿಯನ್ನೂ ಸುಟ್ಟಿದ್ದಾಳೆ. ಅವನಿಗೆ ತಡೆಯಲಾಗದೆ ಒಂದು ದಿನ ಸಂಪಾದಕಿಯ ಮುಂದೆ ಕೂತು ಎಲ್ಲ ಹೇಳುತ್ತಾನೆ. ಆಕೆ ಗಮನವಿಟ್ಟು ಕೇಳುತ್ತಾಳೆ. ಡೈರಿಯಲ್ಲಿ ಏನೋ ಗುರುತು ಹಾಕಿಕೊಳ್ಳುತ್ತಾಳೆ.

“ಚೆನ್ನಾಗಿದೆ” ಅನ್ನುತ್ತಾಳೆ. “ಇದನ್ನೇ ಬರೀರಿ. ಎರಡನೇ ಪುಸ್ತಕಕ್ಕೆ ಹೇಳಿಮಾಡಿಸಿದ ಹಾಗಿದೆ. ಮಾರ್ಚ್ ಒಳಗೆ ಕೊಡ್ತೀರಾ?”