ಶುಗರ್ ಇರೋ ಮಗೂನ ಆಟಕ್ಕೆ ಬಿಡಬಹುದಾ?

ಪ್ರಶ್ನೆ: ಡಾಕ್ಟ್ರೇ, ನನ್ನ ಮಗಳಿಗೆ 8 ವರ್ಷ, ಟೈಪ್ 1 ಡಯಾಬಿಟಿಸ್, ದಿನಕ್ಕೆ ನಾಲ್ಕು ಸಲ ಇನ್ಸುಲಿನ್. ಸ್ಕೂಲಲ್ಲಿ ಪಿಟಿ ಪೀರಿಯಡ್ ಆದ್ಮೇಲೆ ಎರಡು ಸಲ ಬೆವತು ನಡುಗಿದ್ಲು, ಆಗಿಂದ ಮಿಸ್ ಆಟಕ್ಕೇ ಬಿಡ್ತಿಲ್ಲ. ನಮ್ಮತ್ತೆ ಇನ್ಸುಲಿನ್ ಬಿಟ್ಟು ಹಾಗಲಕಾಯಿ ರಸ ಕೊಡು ಅಂತಾರೆ. ಏನ್ಮಾಡ್ಲಿ? (ತಾಯಿ, ದಾವಣಗೆರೆ)

ಉತ್ತರ: ನೋಡಿಮ್ಮ, ಇನ್ಸುಲಿನ್ ಮಾತ್ರ ಯಾವ ಕಾರಣಕ್ಕೂ ನಿಲ್ಲಿಸ್ಬೇಡಿ. ದೊಡ್ಡವರಿಗೆ ಸಾಮಾನ್ಯವಾಗಿ ಬರೋ ಶುಗರೇ ಬೇರೆ, ಇದೇ ಬೇರೆ, ಇಲ್ಲಿ ಇನ್ಸುಲಿನ್ ಮಾಡೋ ಜೀವಕೋಶಗಳೇ ಹಾಳಾಗಿರ್ತವೆ, ಯಾವ ರಸಾನೂ ಅದನ್ನ ತುಂಬಿಕೊಡಲ್ಲ. 1922ರಲ್ಲಿ ಟೊರೊಂಟೊದಲ್ಲಿ ಮೊದಲ ಸಲ ಇನ್ಸುಲಿನ್ ಕೊಡೋವರೆಗೂ ಇಂಥ ಮಕ್ಕಳು ಉಳೀತಾನೇ ಇರ್ಲಿಲ್ಲ. ಜ್ವರ, ವಾಂತಿ ಬಂದು ಊಟ ಸೇರದೇ ಇದ್ರೂ ಪೂರ್ತಿ ನಿಲ್ಲಿಸೋ ಹಾಗಿಲ್ಲ, ಶುಗರ್ ಜೊತೆ ಕೀಟೋನ್ (ಇನ್ಸುಲಿನ್ ಸಾಲದಾಗ ದೇಹ ಕೊಬ್ಬು ಕರಗಿಸಿ ಮಾಡೋ ಆಮ್ಲ) ನೋಡಿ ತಕ್ಷಣ ನಿಮ್ಮ ಡಾಕ್ಟರ್‌ಗೆ ಫೋನ್ ಮಾಡಿ. ಮುಂದಿನ ಸಲ ಅತ್ತೇನೂ ಕರ್ಕೊಂಡು ಹೋಗಿ, ಮೊಮ್ಮಗಳ ಮೇಲಿನ ಪ್ರೀತಿಗೇ ಹೇಳ್ತಿರೋದು ಅವರು, ಡಾಕ್ಟರ್ ಬಾಯಲ್ಲೇ ಕೇಳ್ಲಿ.

ಇನ್ನು ಆಟ. ಬೆವರು, ನಡುಕ ಅಂದ್ರೆ ಶುಗರ್ ಲೋ ಆಗಿರುತ್ತೆ. 70ಕ್ಕಿಂತ ಕಮ್ಮಿ ಇದ್ರೆ ಮೂರು ಟೀ ಚಮಚ ಸಕ್ಕರೆ ಅರ್ಧ ಲೋಟ ನೀರಲ್ಲಿ ಕದಡಿ ಕುಡಿಸ್ಬೇಕು, 15 ನಿಮಿಷ ಬಿಟ್ಟು ಮತ್ತೆ ಚೆಕ್, ಏರಿಲ್ಲ ಅಂದ್ರೆ ಇನ್ನೊಂದು ಸಲ. ಚಾಕ್ಲೇಟ್ ಬೇಡ, ಅದರ ಕೊಬ್ಬಿನಿಂದ ಸಕ್ಕರೆ ರಕ್ತಕ್ಕೆ ಸೇರೋದು ನಿಧಾನ ಆಗುತ್ತೆ. ಪ್ರಜ್ಞೆ ತಪ್ಪಿದ್ರೆ ಬಾಯಿಗೆ ಏನೂ ಹಾಕದೆ ಪಕ್ಕಕ್ಕೆ ಮಲಗಿಸಿ 108ಕ್ಕೆ ಫೋನ್ ಮಾಡ್ಬೇಕು. ಇಷ್ಟನ್ನೂ ಒಂದು ಹಾಳೇಲಿ ದಪ್ಪಕ್ಷರದಲ್ಲಿ ಬರೆದು, ಗ್ಲುಕೋಮೀಟರ್, ಸಕ್ಕರೆ ಪೊಟ್ಟಣದ ಜೊತೆ ಮಿಸ್ ಕೈಗೇ ಕೊಡಿ. ಲೋ ಆದಾಗ ಮಗೂನ ಒಂಟಿಯಾಗಿ ಟಾಯ್ಲೆಟ್‌ಗೋ ಸ್ಟಾಫ್ ರೂಮ್‌ಗೋ ಕಳಿಸ್ಲೇಬಾರ್ದು, ಇದನ್ನ ಒತ್ತಿ ಹೇಳಿ. ಮಿಸ್ಸೂ ಭಯಕ್ಕೇ ಕೂರಿಸ್ತಿದಾರೆ ಪಾಪ, ಆದ್ರೆ ಸಿಬಿಎಸ್‌ಇ 2017ರಿಂದ ಬೋರ್ಡ್ ಪರೀಕ್ಷೆಗೇ ಇಂಥ ಮಕ್ಕಳು ಲೋ ಆದ್ರೆ ತಿನ್ನೋ ಸಕ್ಕರೆ ಮಾತ್ರೆ, ಹಣ್ಣು ಇಟ್ಕೊಂಡು ಹೋಗೋಕೆ ಬಿಟ್ಟಿದೆ ಅಂದ್ಮೇಲೆ ಕ್ಲಾಸಲ್ಲಿ ಯಾಕೆ ಆಗಲ್ಲ ಅಂತ ಕೇಳಿ.

ಪಿಟಿಗೆ ಮುಂಚೆ ಚೆಕ್ ಮಾಡಿ, 70ಕ್ಕಿಂತ ಕೆಳಗಿದ್ರೆ ಮೊದಲು ಸಕ್ಕರೆ ನೀರು, ಏರಿದ ಮೇಲೇ ಆಟ; 70ರ ಮೇಲಿದ್ರೂ ಸ್ವಲ್ಪ ಕಮ್ಮಿ ಅನ್ನಿಸಿದ್ರೆ ಒಂದು ಬಾಳೆಹಣ್ಣು ತಿಂದು ಹೋಗ್ಲಿ. ಆ ದಿನದ ಡೋಸ್ ಇಳಿಸ್ಬೇಕಾ ಅನ್ನೋದನ್ನ ನಿಮ್ಮ ಡಾಕ್ಟರ್ ಹತ್ರಾನೇ ಕೇಳಿ, ನೀವಾಗೇ ಬದಲಾಯಿಸ್ಬೇಡಿ. ಜಾಸ್ತಿ ಓಡಾಡಿದ ದಿನ ರಾತ್ರಿ ನಿದ್ದೇಲೂ ಲೋ ಆಗಬಹುದು, ಹಾಗಾಗಿ ಮಲಗೋ ಮುಂಚೆ ಮತ್ತೊಂದು ಸಲ ಬೆರಳು ಚುಚ್ಚಿ ನೋಡಿ.