ವಾಲ್ವ್ ಆಂಪ್ಲಿಫೈಯರ್‌ನ ನಾದ ಈಕ್ವಲೈಜರ್‌ನಿಂದ ಬಂದೀತೇ?

ಪ್ರಶ್ನೆ: ನನ್ನಲ್ಲಿರುವುದು ಟ್ರಾನ್ಸಿಸ್ಟರ್ ಆಂಪ್ಲಿಫೈಯರ್. ಕಂಪ್ಯೂಟರ್‌ನ ಈಕ್ವಲೈಜರ್‌ನಲ್ಲಿ ಬಾಸ್, ಟ್ರೆಬಲ್ ಏರಿಸಿ ನೋಡಿದೆ. ಸ್ನೇಹಿತರ ಮನೆಯಲ್ಲಿ ಕೇಳಿದ ವಾಲ್ವ್ ಸೆಟ್ಟಿನ ನಾದ ಬರಲಿಲ್ಲ. ದಾರಿ ಇದೆಯೇ?

ಉತ್ತರ: ಇದೆ, ಬಹುಪಾಲು ಹತ್ತಿರ ಬರಬಹುದು. ಆದರೆ ಎಲ್ಲಿ, ಎಷ್ಟು ಏರಿಸಬೇಕೆಂಬುದು ನಿಮ್ಮ ಸ್ಪೀಕರ್ ಮೇಲೆ ನಿಂತಿದೆ.

ಟ್ರಾನ್ಸಿಸ್ಟರ್ ಆಂಪ್ಲಿಫೈಯರ್‌ನ ಔಟ್‌ಪುಟ್ ಇಂಪೀಡೆನ್ಸ್, ಅಂದರೆ ಸ್ಪೀಕರಿಗೆ ಕರೆಂಟ್ ಕೊಡುವಾಗ ಅದರೊಳಗೇ ಇರುವ ತಡೆ, ಸಾಮಾನ್ಯವಾಗಿ 0.1 ಓಮ್‌ಗಿಂತ ಕಡಿಮೆ. ಫೀಡ್‌ಬ್ಯಾಕ್ (ಔಟ್‌ಪುಟ್ಟನ್ನು ಇನ್‌ಪುಟ್ಟಿಗೆ ಹೋಲಿಸಿ ತಿದ್ದುವ ವ್ಯವಸ್ಥೆ) ಇಲ್ಲದ ಸಿಂಗಲ್ ಎಂಡೆಡ್ (ಅಲೆಯ ಎರಡೂ ಅರ್ಧವನ್ನು ಒಂದೇ ವಾಲ್ವ್ ನೋಡಿಕೊಳ್ಳುವ) ವಾಲ್ವ್ ಸೆಟ್ಟಿನಲ್ಲಿ ಅದು 2ರಿಂದ 3 ಓಮ್ ಇರುವುದು ಸಾಮಾನ್ಯ. ಡ್ಯಾಂಪಿಂಗ್ ಫ್ಯಾಕ್ಟರ್ (8 ಓಮ್ ಈ ತಡೆಯ ಎಷ್ಟು ಪಟ್ಟು ಎಂಬ ಸಂಖ್ಯೆ) ಗೊತ್ತಿದ್ದರೆ 8ನ್ನು ಅದರಿಂದ ಭಾಗಿಸಿ: 3.2 ಇದ್ದರೆ 2.5 ಓಮ್. ಇನ್ನು 8 ಓಮ್ ಎಂದು ಬರೆದ ಸ್ಪೀಕರ್ ಎಲ್ಲ ಕಡೆ 8 ಓಮ್ ಇರುವುದಿಲ್ಲ. ಒಂದು ಸೀಲ್ಡ್ (ರಂಧ್ರವಿಲ್ಲದ) ಪೆಟ್ಟಿಗೆಯ ಟು-ವೇ (ಬಾಸ್‌ಗೊಂದು, ಟ್ರೆಬಲ್‌ಗೊಂದು ಡ್ರೈವರ್ ಇರುವ) ಸ್ಪೀಕರ್ 300 ಹರ್ಟ್ಸ್‌ನಲ್ಲಿ 6, 60 ಹರ್ಟ್ಸ್‌ನಲ್ಲಿ 25, ಕ್ರಾಸ್‌ಓವರ್ (ಆ ಎರಡರ ನಡುವೆ ಧ್ವನಿ ಹಂಚಿಕೆಯಾಗುವ ಜಾಗ) ಬಳಿ 2000 ಹರ್ಟ್ಸ್‌ನಲ್ಲಿ 16 ಓಮ್ ತೋರಿಸುತ್ತದೆ ಎನ್ನಿ. ಆಂಪ್ಲಿಫೈಯರ್‌ನ ಒಳತಡೆಯಲ್ಲಿ ಎಷ್ಟು ನಷ್ಟವೆಂಬ ಸೂತ್ರ: 20 × ಲಾಗ್ [ಸ್ಪೀಕರ್ ÷ (ಸ್ಪೀಕರ್ + ಔಟ್‌ಪುಟ್)]. ಔಟ್‌ಪುಟ್ 2.5 ಓಮ್ ಆದರೆ ಸ್ಪೀಕರ್ 6 ಓಮ್ ಇರುವಲ್ಲಿ 3 ಡೆಸಿಬೆಲ್ ನಷ್ಟ, 25 ಓಮ್ ಇರುವಲ್ಲಿ ಬರೀ 0.8. ಅಂದರೆ 300 ಹರ್ಟ್ಸ್‌ಗೆ ಹೋಲಿಸಿದರೆ 60 ಹರ್ಟ್ಸ್ 2.2 ಡೆಸಿಬೆಲ್, 2000 ಹರ್ಟ್ಸ್ 1.8 ಡೆಸಿಬೆಲ್ ಮೇಲೇಳುತ್ತದೆ. ನೀವು ಕೇಳಿದ ತುಂಬಿದ ಬಾಸ್, ಮುಂದೆ ಬಂದ ಕಂಠ ಹೆಚ್ಚಾಗಿ ಇದೇ.

ಈಕ್ವಲೈಜರ್ ಎಪಿಒ ಎಂಬ ಕಂಪ್ಯೂಟರ್ ತಂತ್ರಾಂಶದಲ್ಲಿ ಆ ಎರಡು ಕಡೆ ಪೀಕಿಂಗ್ ಫಿಲ್ಟರ್ (ಒಂದು ಆವರ್ತನದ ಸುತ್ತ ಮಾತ್ರ ಏರಿಸುವುದು) ಹಾಕಿ. ಕ್ಯೂ (ಆ ಏರಿಕೆ ಎಷ್ಟು ಕಿರಿದು ಎಂಬ ಸಂಖ್ಯೆ) 1ರಿಂದ ಶುರುಮಾಡಿ, ಸ್ಪೀಕರಿನ ಇಂಪೀಡೆನ್ಸ್ ಗ್ರಾಫಿನಿಂದ ಲೆಕ್ಕ ಹಾಕಿದ ಗೆರೆಗೆ ಕೂಡುವವರೆಗೆ ತಿದ್ದಿ. ಪ್ರಿಆಂಪ್ (ಅದೇ ತಂತ್ರಾಂಶದ ಒಟ್ಟು ಮಟ್ಟ) ಮೈನಸ್ 3 ಡೆಸಿಬೆಲ್‌ಗೆ ಇಳಿಸದಿದ್ದರೆ ಜೋರು ಭಾಗಗಳಲ್ಲಿ ಧ್ವನಿ ಒಡೆಯುತ್ತದೆ. ಫಿಲ್ಟರ್ ತೆಗೆದು ಹೋಲಿಸುವಾಗಲೂ ಈ ಮೈನಸ್ 3 ಹಾಗೇ ಇರಲಿ. ರಿಫ್ಲೆಕ್ಸ್ (ಗಾಳಿಯ ರಂಧ್ರವಿರುವ) ಪೆಟ್ಟಿಗೆಯಾದರೆ ಇಂಪೀಡೆನ್ಸ್ ಗ್ರಾಫಿನ ಬಾಸ್ ಭಾಗದಲ್ಲಿ ಎರಡು ಗುಡ್ಡ ಇರುತ್ತವೆ, ಅಲ್ಲಿಗೆ ಎರಡು ಫಿಲ್ಟರ್ ಬೇಕು.

ಲೆಕ್ಕ ಸರಿಯೇ ಎಂದು ನೋಡಲು 2.2 ಓಮ್, 10 ವ್ಯಾಟ್ ವೈರ್‌ವೌಂಡ್ ರೆಸಿಸ್ಟರನ್ನು ಸ್ಪೀಕರ್ ವೈರಿಗೆ ಸರಣಿಯಲ್ಲಿ ಸೇರಿಸಿ, ಫಿಲ್ಟರ್ ತೆಗೆದು ಕೇಳಿ. ರೆಸಿಸ್ಟರ್ ಬಿಸಿಯಾಗುತ್ತದೆ, ಕಾರ್ಪೆಟ್ ಮೇಲೆ ಇಡಬೇಡಿ. 300 ಹರ್ಟ್ಸ್ ಟೋನ್ ಹಾಕಿ, ಸ್ಪೀಕರ್ ತುದಿಯಲ್ಲಿ ಮಲ್ಟಿಮೀಟರಿನಿಂದ ನೋಡುತ್ತ, ರೆಸಿಸ್ಟರ್ ಇದ್ದಾಗಲೂ ಅದನ್ನು ತೆಗೆದು ಫಿಲ್ಟರ್ ಹಾಕಿದಾಗಲೂ ಒಂದೇ ವೋಲ್ಟೇಜ್ ಬರುವಂತೆ ವಾಲ್ಯೂಮ್ ಹೊಂದಿಸಿ. 1 ವೋಲ್ಟ್‌ಗೆ 0.01ಕ್ಕಿಂತ ಹೆಚ್ಚು ವ್ಯತ್ಯಾಸ ಬೇಡ. ತುಸು ಜೋರಿದ್ದುದೇ ಕಿವಿಗೆ ಚೆನ್ನ ಎನಿಸಿಬಿಡುತ್ತದೆ. ಇಷ್ಟಾದ ಮೇಲೆ ರೆಸಿಸ್ಟರಿಗೂ ಫಿಲ್ಟರಿಗೂ ಹೆಚ್ಚು ಅಂತರ ಕೇಳಿಸಬಾರದು.

ಡ್ಯಾಂಪಿಂಗ್‌ನ, ಅಂದರೆ ಆಂಪ್ಲಿಫೈಯರ್ ಸ್ಪೀಕರಿನ ಕೋನನ್ನು ಹಿಡಿತದಲ್ಲಿಡುವುದರ, ಪರಿಣಾಮ ಈಕ್ವಲೈಜರ್‌ಗೆ ಬರುವುದಿಲ್ಲ ಎನ್ನುವವರುಂಟು. ಅದು ತಪ್ಪು. ಸ್ಪೀಕರ್ ತುದಿಯ ವೋಲ್ಟೇಜ್ ಒಂದೇ ಇದ್ದರೆ ಕೋನ್ ಆಡುವುದೂ ಒಂದೇ ರೀತಿ. ಅಮೆರಿಕದ ಆಂಪ್ಲಿಫೈಯರ್ ವಿನ್ಯಾಸಕ ಬಾಬ್ ಕಾರ್ವರ್ 1985ರಲ್ಲಿ ಸ್ಟೀರಿಯೊಫೈಲ್ ಎಂಬ ಆಡಿಯೊ ಪತ್ರಿಕೆಯ ಸವಾಲು ಸ್ವೀಕರಿಸಿ, ಎರಡು ಆಂಪ್ಲಿಫೈಯರ್‌ಗಳ ಔಟ್‌ಪುಟ್ ವ್ಯತ್ಯಾಸವನ್ನೇ ಅಳೆಯುತ್ತ ತಮ್ಮ ಟ್ರಾನ್ಸಿಸ್ಟರ್ ಸೆಟ್ಟನ್ನು ದುಬಾರಿ ವಾಲ್ವ್ ಸೆಟ್ಟಿಗೆ ಸರಿಹೊಂದಿಸಿದರು. ಪತ್ರಿಕೆಯವರಿಗೆ ಬೇರೆ ಗುರುತಿಸಲಾಗಲಿಲ್ಲ.

ಬರದೇ ಇರುವುದು ಒಂದೇ: ಡಿಸ್ಟಾರ್ಷನ್. ಸಣ್ಣ ವಾಲ್ವ್ ಸೆಟ್ ಜೋರಾದಾಗ ಸೇರಿಸುವ ಎರಡನೇ ಹಾರ್ಮೋನಿಕ್ (ಮೂಲದ ಎರಡು ಪಟ್ಟು ಆವರ್ತನದ್ದು) ಹೊಸ ಸ್ವರ. ಇರುವುದನ್ನು ಏರಿಸಿ ಇಳಿಸುವ ಫಿಲ್ಟರ್ ಅದನ್ನು ಹುಟ್ಟಿಸಲಾರದು, ಬೇರೆ ಪ್ಲಗಿನ್ ಬೇಕು. ಸ್ಪೀಕರ್ ಬದಲಿಸಿದ ದಿನ ಲೆಕ್ಕವನ್ನೂ ಮೊದಲಿನಿಂದ ಹಾಕಿ.